ಬಾಣಂತಿ ಕಚ್ಚಿದ ದಿನ

ಆಫೀಸಿನ ಕಾಗದಪತ್ರಗಳಲ್ಲಿ ಅವಳ ಹುದ್ದೆಗೆ ಪ್ರಾಣಿ ನಿಯಂತ್ರಣಾಧಿಕಾರಿ ಎಂಬ ಉದ್ದನೆಯ ಹೆಸರಿದೆ. ಅಷ್ಟನ್ನು ಹೇಳುವ ತಾಳ್ಮೆ ಯಾರಿಗೂ ಇಲ್ಲದ ಕಾರಣ ಊರಿಗೆಲ್ಲ ಅವಳು ಬಲೆಯಕ್ಕ. ಹತ್ತೊಂಬತ್ತು ವರ್ಷಗಳಲ್ಲಿ ಚರಂಡಿಗೆ ಬಿದ್ದ ಕರು, ಹೊಗೆಗೂಡಿನಲ್ಲಿ ಸಿಕ್ಕಿಕೊಂಡ ಗೂಬೆ, ಬ್ಯಾಂಕಿನ ಮ್ಯಾನೇಜರ್ ಕುರ್ಚಿಯ ಕೆಳಗೆ ಸುರುಳಿ ಸುತ್ತಿದ್ದ ಹಾವು, ಏನೇನನ್ನೋ ಹಿಡಿದಿದ್ದಾಳೆ, ಬಿಡಿಸಿದ್ದಾಳೆ. ಮೊಣಕೈ ಕೆಳಗೆ ಗೀರಿಲ್ಲದ ಜಾಗವೇ ಇಲ್ಲ.

ಈ ಕೆಲಸದಲ್ಲಿ ಒಂದು ನಿಯಮವಿದೆ. ಹೆಣ್ಣು ನಾಯಿಯನ್ನು ವ್ಯಾನಿಗೆ ಹತ್ತಿಸುವ ಮೊದಲು ಅದರ ಹೊಟ್ಟೆ ಮುಟ್ಟಿ ನೋಡಬೇಕು. ಹಾಲು ತುಂಬಿದ್ದರೆ ಮರಿಗಳು ಅಲ್ಲೇ ಎಲ್ಲೋ ಇವೆ ಎಂದರ್ಥ, ಅವು ಸಿಗುವವರೆಗೆ ವ್ಯಾನು ಕದಲುವಂತಿಲ್ಲ. ಹೊಸಬರಿಗೆ ಇದನ್ನು ಹೇಳಿ ಹೇಳಿ ಬಲೆಯಕ್ಕನ ಬಾಯಿ ಒಣಗಿದೆ. ಆ ಮಂಗಳವಾರ ಮರೆತವಳು ಮಾತ್ರ ಅವಳೇ.

ಮನೆಯಲ್ಲಿ ಮಗಳು ಮೂರು ವಾರದ ಬಾಣಂತಿ. ಮೊಮ್ಮಗಳೋ ಹಗಲೆಲ್ಲ ಗಡದ್ದಾಗಿ ಮಲಗಿ ರಾತ್ರಿಯಿಡೀ ಅಜ್ಜಿಯನ್ನು ಕುಣಿಸುವ ಮಹಾರಾಣಿ. ಅಂದು ಹನ್ನೊಂದು ಗಂಟೆಗೆ ಮಹಾರಾಣಿಯನ್ನು ಡಾಕ್ಟರಿಗೆ ತೋರಿಸುವುದಿತ್ತು. ಒಂಬತ್ತಕ್ಕೆ ಸೋಫಾ ರಿಪೇರಿ ಅಂಗಡಿಯಿಂದ ಫೋನು ಬಂದಾಗ ಬಲೆಯಕ್ಕನ ಕಣ್ಣು ಅರ್ಧ ಮುಚ್ಚಿಯೇ ಇತ್ತು. ನಾಯಿಯೊಂದು ಹಮಾಲಿಯ ಕೈ ಕಚ್ಚಿದೆ, ತಕ್ಷಣ ಬನ್ನಿ ಎಂದು ಸೋಫಾ ಮೇಸ್ತ್ರಿ ಅರಚಿದ.

ಕಂದು ನಾಯಿ ನಡುರಸ್ತೆಯಲ್ಲಿ ನಿಂತು, ತಿರುವಿನ ಕಡೆ ಮುಖ ಮಾಡಿ ಬೊಗಳುತ್ತಿತ್ತು. ಅತ್ತ ಹತ್ತು ಹೆಜ್ಜೆ ಓಡುವುದು, ಮತ್ತೆ ಅಂಗಡಿಯ ಕಡೆ ಬರುವುದು.

"ಸುಮ್ ಸುಮ್ನೆ ಕಚ್ತು ಕಣಕ್ಕ, ನಾವೇನೂ ಮಾಡ್ಲಿಲ್ಲ," ಎಂದ ಮೇಸ್ತ್ರಿ.

ಬಲೆಯಕ್ಕ ಉದ್ದ ಕೋಲಿನ ಕುಣಿಕೆ ಹಾಕಿ, ಒಂದೇ ಏಟಿಗೆ ವ್ಯಾನಿನ ಗೂಡಿಗೆ ತಳ್ಳಿ ಬಾಗಿಲು ಜಡಿದಳು. ವರದಿಯ ಹಾಳೆಯಲ್ಲಿ ಕಚ್ಚಿದ್ದಕ್ಕೆ ಕಾರಣ ಎಂಬಲ್ಲಿ 'ಏನೂ ಇಲ್ಲ' ಎಂದು ಬರೆದಳು. ಇಷ್ಟು ಬೇಗ ಮುಗಿಯಿತಲ್ಲ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಳು ಕೂಡ.

ಹತ್ತೂಕಾಲಿಗೆ, ಪ್ರಾಣಿಗಳನ್ನಿಡುವ ಕೇಂದ್ರದ ಅಂಗಳದಲ್ಲಿ ವ್ಯಾನು ತೊಳೆಯುತ್ತಿದ್ದ ಡ್ರೈವರ್ ಅಲ್ಲಿಂದಲೇ ಕೂಗಿದ. "ಅಕ್ಕಾ, ಇಲ್ಲಿ ಯಾರು ಹಾಲು ಚೆಲ್ಲಿದ್ದು?"

ಆ ಬೆಳಗ್ಗೆ ವ್ಯಾನಿನಲ್ಲಿ ಬಂದದ್ದು ಕಂದು ನಾಯಿಯೊಂದೇ. ಬಲೆಯಕ್ಕ ಒಳಗೆ, ಅದನ್ನು ಬಿಟ್ಟಿದ್ದ ಗೂಡಿನ ಮುಂದೆ ಓಡಿಹೋಗಿ ನೋಡಿದರೆ ನಾಯಿ ಊಟದ ತಟ್ಟೆಯನ್ನು ಮೂಸಿಯೂ ನೋಡಿಲ್ಲ. ಬಾಗಿಲಿಗೆ ಮೂಗು ಒತ್ತಿ ನಿಂತಿದೆ. ಹೊಟ್ಟೆಯ ಕೆಳಗೆ ನೆಲ ತೊಟ್ಟು ತೊಟ್ಟಾಗಿ ಒದ್ದೆಯಾಗಿದೆ.

ತಾನು ಹಿಡಿದು ತಂದದ್ದು ಬಾಣಂತಿಯನ್ನು. ಕಣ್ಣು ಬಿಡದ ಮರಿಗಳಾಗಿದ್ದರೆ ತಾಯಿಯ ಮೈಬಿಸಿ ಇಲ್ಲದೆ ಎಷ್ಟು ಹೊತ್ತು ತಡೆದಾವು? ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು. ಮೊದಲು ಮಗಳಿಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದಳು.

"ನಾವಿಬ್ರೂ ಆಟೋದಲ್ಲಿ ಹೋಗ್ತೀವಿ. ನೀನು ಮನೆಗೆ ಬಂದ್ರೆ ನೋಡು!" ಎಂದು ಮಗಳು ಗದರಿದಳು. "ಮರಿ ಹುಡ್ಕೋಗಮ್ಮ."

ಆಮೇಲೆ ಮೇಸ್ತ್ರಿಗೆ. "ನಿಜ ಹೇಳಪ್ಪ. ಕಚ್ಚಿದಾಗ ಹಮಾಲಿ ಏನ್ ಮಾಡ್ತಿದ್ದ?"

"ಏನ್ ಮಾಡ್ತಾನಕ್ಕ, ಹಲ್ಲಿನ ಡಾಕ್ಟರ ಸೋಫಾ ಎತ್ತಿ ಲಾರಿಗೆ ಹಾಕ್ತಿದ್ದ. ಅದೇ ಲಾರೀಲಿ ಅವನೂ ಆಸ್ಪತ್ರೆಗೆ ಹೋದ. ಸೋಫಾ ವಾರದಿಂದ ಹಿಂದುಗಡೆ ಶೆಡ್ಡಲ್ಲಿತ್ತು."

"ಅದರ ತಳ ಹೇಗಿತ್ತು?"

ಮೇಸ್ತ್ರಿ ದನಿ ತಗ್ಗಿಸಿದ. "ಮೇಲೆ ಹೊಸ ಬಟ್ಟೆ ಹಾಕಿದ್ದೆ. ತಳದ್ದು ಹರಿದಿತ್ತು. ಬಗ್ಗಿ ಯಾರು ನೋಡ್ತಾರೆ ಅಂತ ಹಾಗೇ ಬಿಟ್ಟೆ."

ಬಗ್ಗಿ ನೋಡಿದವಳು ಒಬ್ಬಳಿದ್ದಳು. ಹರುಕಿನಿಂದ ಒಳಗೆ ನುಗ್ಗಿ, ಬೆಚ್ಚಗಿನ ಜಾಗ ನೋಡಿ ಹೆತ್ತಿದ್ದಳು. ತಾಯಿ ಅತ್ತ ಹೋದ ಗಳಿಗೆಯಲ್ಲಿ ಮನೆಗೆ ಮನೆಯೇ ಎದ್ದು ಲಾರಿ ಹತ್ತಿದರೆ ಕಚ್ಚದೆ ಇನ್ನೇನು ಮಾಡಬೇಕಿತ್ತು?

ಬಲೆಯಕ್ಕ ನಾಯಿಯನ್ನು ಮತ್ತೆ ವ್ಯಾನಿಗೆ ಹತ್ತಿಸಿದಳು. ಡ್ರೈವರ್ ತಲೆ ಕೆರೆದುಕೊಂಡ. "ಕಚ್ಚಿದ ನಾಯೀನ ಹತ್ತು ದಿನ ಹೊರಗೆ ತರೋ ಹಾಗಿಲ್ಲ. ಸಾಹೇಬರು ಕೇಳಿದ್ರೆ?"

"ತಪ್ಪು ನಂದು ಅಂತ ಬರೆದಿಟ್ಟೇ ಬಂದಿದೀನಿ. ಗಾಡಿ ತೆಗಿ."

ಹಲ್ಲಿನ ಡಾಕ್ಟರ ಕ್ಲಿನಿಕ್ಕು ಮೊದಲನೇ ಮಹಡಿಯಲ್ಲಿ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಹಸಿರು ಬಟ್ಟೆಯ ಸೋಫಾದ ಮೇಲೆ ಮೂರು ಜನ ಕೂತಿದ್ದರು. ನಡುವೆ ಕೂತಿದ್ದ ದಪ್ಪ ಆಸಾಮಿಯನ್ನು ನೋಡಿ ಬಲೆಯಕ್ಕನ ಜೀವ ಬಾಯಿಗೆ ಬಂತು.

"ಎಲ್ಲರೂ ನಿಧಾನಕ್ಕೆ, ತುಂಬ ನಿಧಾನಕ್ಕೆ ಏಳಿ," ಎಂದಳು.

ಊದಿದ ಕೆನ್ನೆಗೆ ಕೈ ಆನಿಸಿಕೊಂಡಿದ್ದ ಆಸಾಮಿ ಬೆದರಿದ. "ನನ್ನ ಸರದಿ ಬಂತಾ?"

ಗದ್ದಲ ಕೇಳಿ ಡಾಕ್ಟರಮ್ಮ ಕೈಗವಸಿನಲ್ಲೇ ಹೊರಗೆ ಬಂದರು. ಕೆಳಗಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಚುಚ್ಚಿಸಿಕೊಂಡು, ಮೇಸ್ತ್ರಿಯ ಲಾರಿಗಾಗಿ ಕಾಯುತ್ತಿದ್ದ ಹಮಾಲಿಯೂ ಡ್ರೈವರ್ ಕರೆದದ್ದಕ್ಕೆ ಮೇಲೆ ಬಂದ. ಕೈಗೆ ದಪ್ಪ ಬ್ಯಾಂಡೇಜು. ವಿಷಯ ಕೇಳಿ ಅವನ ಮುಖ ಬಾಡಿತು.

"ಅಯ್ಯೋ, ಎತ್ತುವಾಗ ಏನೋ ಕುಂಯ್ ಅಂದಿತ್ತು. ಸ್ಪ್ರಿಂಗು ಅಂದ್ಕೊಂಡೆ," ಎಂದ. ಇನ್ನೊಂದು ಕೈಯಿಂದ ಸೋಫಾದ ಒಂದು ತುದಿಯನ್ನು ಮೊಣಕಾಲೆತ್ತರಕ್ಕೆ ಎತ್ತಿದ. ಇನ್ನೊಂದು ತುದಿಗೆ ಡ್ರೈವರ್.

ಬಲೆಯಕ್ಕ ನೆಲಕ್ಕೆ ಅಂಗಾತ ಮಲಗಿ ಹರುಕಿನೊಳಗೆ ಕೈ ಹಾಕಿದಳು. ನಾರು, ಹತ್ತಿಯ ಹಂಜಿ, ತುಕ್ಕು ಹಿಡಿದ ಮೊಳೆ. ಆಮೇಲೆ ಹಿಂಬದಿಯ ಮೂಲೆಯಲ್ಲಿ, ಬೆರಳಿಗೆ ಮೆತ್ತಗೆ ಮಿಸುಕುವ ಏನೋ ತಾಗಿತು. ಒಂದು, ಎರಡು, ಮೂರು, ನಾಲ್ಕು. ಮರಿಗಳ ಮೈ ತಣ್ಣಗಾಗಿತ್ತು, ಆದರೆ ಜೀವವಿತ್ತು. ಊದಿದ ಕೆನ್ನೆಯವನು ನೋವು ಮರೆತು ಚಪ್ಪಾಳೆ ತಟ್ಟಿ, ಆಮೇಲೆ ಅಮ್ಮಾ ಎಂದು ಕೆನ್ನೆ ಹಿಡಿದುಕೊಂಡ.

ಟವೆಲಿನಲ್ಲಿ ಸುತ್ತಿ ಕೆಳಗೆ ವ್ಯಾನಿಗೆ ಒಯ್ದು ತಾಯಿಯ ಮುಂದಿಟ್ಟರು. ನಾಯಿ ನಾಲ್ಕನ್ನೂ ಮೂಸಿತು, ನೆಕ್ಕಿತು. ಮಲಗಲಿಲ್ಲ. ಹಾಲು ಸೋರುತ್ತಿದ್ದರೂ ನಿಂತೇ ಇತ್ತು, ಬಾಗಿಲು ಕೆರೆಯುತ್ತಿತ್ತು.

"ಹೆದರಿದೆ ಅಷ್ಟೆ, ಹೋಗ್ತಾ ಹೋಗ್ತಾ ಸರಿಹೋಗುತ್ತೆ," ಎಂದು ಡ್ರೈವರ್ ಕೀಲಿ ತಿರುಗಿಸಿದ.

ಸುಸ್ತಾಗಿದ್ದ ಬಲೆಯಕ್ಕನಿಗೂ ಹಾಗೆಂದು ನಂಬುವ ಆಸೆಯೇ ಇತ್ತು. ಆದರೆ ಬೆಳಗ್ಗೆ ಈ ನಾಯಿಯನ್ನು ಬಿಟ್ಟು ಉಳಿದವರ ಮಾತೆಲ್ಲ ಕೇಳಿ ಆಗಿದ್ದ ಅನಾಹುತ ಸಾಕಾಗಿತ್ತು. "ನಿಲ್ಲಿಸು," ಎಂದಳು. ಬಾಯಿಗೆ ಪಟ್ಟಿ, ಕೊರಳಿಗೆ ಗಟ್ಟಿ ಹಗ್ಗ ಕಟ್ಟಿ ಗೂಡಿನ ಬಾಗಿಲು ತೆರೆದಳು.

ನಾಯಿ ಅವಳನ್ನು ಮೆಟ್ಟಿಲುದ್ದಕ್ಕೂ ದರದರ ಎಳೆದುಕೊಂಡು ಹೋಯಿತು. ಹಮಾಲಿ ಛಂಗನೆ ಕುರ್ಚಿಯ ಮೇಲೆ ಹತ್ತಿದ. ನಾಯಿ ಅವನ ಕಡೆ ತಿರುಗಿಯೂ ನೋಡದೆ, ಸೋಫಾದ ಎಡಬದಿಯ ಕೈಯಾಸರೆಗೆ ಮೂಗು ಒತ್ತಿ ಸಣ್ಣಗೆ ನರಳಿತು.

ಹಸಿರು ಬಟ್ಟೆಗೆ ಒಂದು ಸುಕ್ಕೂ ಇರಲಿಲ್ಲ. ಬಲೆಯಕ್ಕ ಡಾಕ್ಟರಮ್ಮನ ಮುಖ ನೋಡಿದಳು.

"ನನ್ನನ್ನೇನು ನೋಡ್ತೀರಾ, ಪಕ್ಕಕ್ಕೆ ಸರೀರಿ," ಎಂದು ಡಾಕ್ಟರಮ್ಮ ತಾವೇ ಕತ್ತರಿ ತಂದು ಬಟ್ಟೆಯನ್ನು ಪರ್ರನೆ ಸೀಳಿದರು.

ಐದನೆಯದು ಹಂಜಿಯ ನಡುವೆ ಸಿಕ್ಕಿಕೊಂಡಿತ್ತು. ಹೆಬ್ಬೆರಳಿನಷ್ಟು ತಲೆ ಒಂದು ಕಡೆ ವಾಲಿತ್ತು. ಮಿಸುಕಾಟವಿಲ್ಲ. ಬಾಯಿತುಂಬ ಹಂಜಿಯ ಎಳೆ. ಡಾಕ್ಟರಮ್ಮ ರೋಗಿಗಳ ಎಂಜಲು ಹೀರುವ ಸಣ್ಣ ಕೊಳವೆಯನ್ನು ಉದ್ದಕ್ಕೆ ಎಳೆದು ತಂದು, ಮರಿಯ ಬಾಯನ್ನು ನಾಜೂಕಾಗಿ ಬಿಡಿಸಿ ಎಳೆಗಳನ್ನು ತೆಗೆದರು. ಬಲೆಯಕ್ಕ ಟವೆಲಿನಲ್ಲಿ ಬೆನ್ನು ತಿಕ್ಕಿದಳು. ತಿಕ್ಕಿದಳು, ಉಸಿರೂದಿದಳು, ಮತ್ತೆ ತಿಕ್ಕಿದಳು. "ಬಾರೋ ಕಂದ, ನನ್ನ ಮಾನ ಕಳೀಬೇಡ್ವೋ," ಎಂದು ಬಾಯಿಗೆ ಬಂದದ್ದೆಲ್ಲ ಬಡಬಡಿಸಿದಳು.

ಮರಿ ಕಾಲು ಝಾಡಿಸಿತು. ಆಮೇಲೆ ಇರುವೆಯಷ್ಟು ಸಣ್ಣ ದನಿಯಲ್ಲಿ ಕುಂಯ್ ಎಂದಿತು.

ಡ್ರೈವರ್ ಉಳಿದ ನಾಲ್ಕನ್ನೂ ಹೊತ್ತು ತಂದ. ಬಾಯಿಪಟ್ಟಿ ಬಿಚ್ಚಿದ ಕೂಡಲೇ ತಾಯಿ ಐದನ್ನೂ ಒಮ್ಮೆ ಮೂಸಿ, ಡಾಕ್ಟರಮ್ಮನ ಹೊಸ ನೆಲದ ಮೇಲೆ ದೊಪ್ಪನೆ ಮಲಗಿ ಕಣ್ಣು ಮುಚ್ಚಿತು. ಐದೂ ಬಾಯಿ ಹಾಕಿದವು.

ಬಲೆಯಕ್ಕ ಟವೆಲನ್ನು ಮರಿಗಳ ಬೆನ್ನಿಗೆ ಹೊದಿಸಿದಳು. "ಬೆಳಗ್ಗೆಯಿಂದ ಹೇಳ್ತಾನೇ ಇತ್ತು," ಎಂದಳು. "ನಾನೇ ಕೇಳಿಸ್ಕೊಳ್ಲಿಲ್ಲ."

ಹಮಾಲಿ ಕುರ್ಚಿಯಿಂದ ಇಳಿದು, ಬ್ಯಾಂಡೇಜಿನ ಕೈಯನ್ನು ಎದೆಗೊತ್ತಿಕೊಂಡು, ಮರಿಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಮೊದ್ಲು ಹೇಳಿದ್ದು ನಂಗೇ ಅಲ್ವಾ ಅಕ್ಕ," ಎಂದ. "ಸ್ವಲ್ಪ ಜೋರಾಗಿ ಹೇಳ್ತು, ಅಷ್ಟೆ."