ಹದಿನೈದು ತಲೆಗಳ ವ್ಯತ್ಯಾಸ

ಗಣತಿ ಕಚೇರಿಯ ಸಾಹೇಬರು ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಾಗಲೇ ಏನೋ ಎಡವಟ್ಟಾಗಿದೆ ಎಂದು ಲೆಕ್ಕದಕ್ಕನಿಗೆ ಗೊತ್ತಾಯಿತು. ಮನೆಮನೆಗೆ ಹೋಗಿ ಯಾರಿಗೆ ಕೆಲಸವಿದೆ, ಯಾರಿಗಿಲ್ಲ ಎಂದು ಬರೆದುಕೊಂಡು ಬರುವುದು ಅವಳ ಉದ್ಯೋಗ. ಲೆಕ್ಕದಕ್ಕ ಎಂಬ ಹೆಸರು ಬೀದಿಯವರು ಇಟ್ಟದ್ದು. ಒಂದು ಹಾಳೆ ಅವಳದೇ: ಅವಳ ಸ್ವಂತ ಬೀದಿಯೂ ಸೇರಿದ ನಾಲ್ಕು ಬೀದಿಗಳಲ್ಲಿ ನಿರುದ್ಯೋಗಿಗಳು ನಲವತ್ತೊಂದು. ಇನ್ನೊಂದು ಭತ್ಯೆ ಕಚೇರಿಯದು: ಅದೇ ಬೀದಿಗಳಲ್ಲಿ ನಿರುದ್ಯೋಗ ಭತ್ಯೆ ಪಡೆಯುವವರು ಇಪ್ಪತ್ತಾರು. ಅದರಲ್ಲಿ ಹೆಸರುಗಳಿರಲಿಲ್ಲ, ಬರೀ ಸಂಖ್ಯೆ.

“ಹದಿನೈದು ಜನ ಎಲ್ಲಿಂದ ಉದುರಿದ್ರಮ್ಮ? ಮರದಿಂದಾನಾ?” ಎಂದರು ಸಾಹೇಬರು.

“ನಾನು ಮೂರು ಸಲ ಕೂಡಿದೀನಿ, ಸರ್.”

“ಕೂಡಿದ್ದು ಸರಿಯಾಗೇ ಇರುತ್ತೆ. ಕೇಳಿದ್ದು? ಗುರುವಾರದೊಳಗೆ ಕಾರಣ ಬರ್ಕೊಂಡು ಬನ್ನಿ. ಇಲ್ಲಾಂದ್ರೆ ಹಾಳೆ ರದ್ದು. ಮುಂದಿನ ಸುತ್ತಿಗೆ ನಿಮ್ಮನ್ನ ಕರೆಯೋದೂ ಕಷ್ಟ.”

ಹಗಲು ಗೋದಾಮಿನಲ್ಲಿ ಪೆಟ್ಟಿಗೆಗೆ ಚೀಟಿ ಅಂಟಿಸಿ, ಸಂಜೆ ತರಗತಿಯಲ್ಲಿ ಓದಿ ಅವಳು ಈ ಕೆಲಸ ಹಿಡಿದು ಏಳು ತಿಂಗಳಾಗಿತ್ತು ಅಷ್ಟೆ. ಹಗಲಿನ ಕಾಲೇಜಿನವರಾಗಿದ್ದರೆ ಹೀಗೆ ಎಡವುತ್ತಿರಲಿಲ್ಲವೇನೋ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಅವಳು ಕೇಳುವ ಪ್ರಶ್ನೆಗಳು ಮೂರೇ. ಹೋದ ವಾರ ಒಂದು ಗಂಟೆಯಾದರೂ ದುಡಿದಿರಾ? ತಿಂಗಳಿಂದ ಕೆಲಸ ಹುಡುಕುತ್ತಿದ್ದೀರಾ? ಸಿಕ್ಕರೆ ಕೂಡಲೇ ಸೇರುತ್ತೀರಾ? ಯಾವ ಬಾಗಿಲಲ್ಲಿ ಯಾವುದನ್ನು ನುಂಗಿಬಿಟ್ಟಳೋ!

ಮರುದಿನ ಬೆಳಿಗ್ಗೆಯಿಂದಲೇ ನಲವತ್ತೊಂದು ಬಾಗಿಲುಗಳನ್ನೂ ಮತ್ತೆ ತಟ್ಟಿದಳು. ಈ ಸಲ ನಮೂನೆಯಲ್ಲಿಲ್ಲದ ಒಂದು ಪ್ರಶ್ನೆಯನ್ನೂ ಸೇರಿಸಿಕೊಂಡಳು: ಭತ್ಯೆ ಬರುತ್ತಾ?

ಲೇತ್ ಯಂತ್ರದ ಕೆಲಸಗಾರ ಬನಿಯನ್ನಿನಲ್ಲೇ ಹೊರಗೆ ಬಂದ. “ಆರು ತಿಂಗಳು ಕೊಟ್ರು ಅಕ್ಕ, ಆಮೇಲೆ ಅವಧಿ ಮುಗೀತು ಅಂದ್ರು. ಅವಧಿ ಮುಗೀತು ಅಂತ ಯಾರೂ ಕೆಲಸ ಕೊಡ್ಲಿಲ್ಲ ನೋಡಿ.” ಅವನಂಥವರು ಒಂಬತ್ತು ಜನ ಸಿಕ್ಕರು.

ಎರಡನೇ ಬೀದಿಯಲ್ಲಿ, ಲ್ಯಾಬ್ ತಂತ್ರಜ್ಞರ ಕೋರ್ಸ್ ಮುಗಿಸಿದ ಹುಡುಗಿಯ ಪರವಾಗಿ ಅವಳ ತಾಯಿಯೇ ಉತ್ತರಿಸಿದಳು. “ಭತ್ಯೆಗೆ ಮೊದ್ಲು ವರ್ಷ ದುಡಿದಿರ್ಬೇಕಂತೆ ಕಣಮ್ಮ. ದುಡಿಯೋಕೇ ತಾನೇ ಇವಳು ಚಪ್ಪಲಿ ಸವೆಸ್ತಿರೋದು?” ಅಂಥವರು ನಾಲ್ವರು. ಯಜಮಾನನ ಜೊತೆ ಜಗಳವಾಡಿ ತಾವೇ ಕೆಲಸ ಬಿಟ್ಟು ಬಂದದ್ದರಿಂದ ಭತ್ಯೆ ಕೈತಪ್ಪಿದವರು ಮೂವರು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಕೂಡಿದಳು. ಒಂಬತ್ತು, ನಾಲ್ಕು, ಮೂರು. ಹದಿನಾರು! ಬೇಕಾದದ್ದು ಹದಿನೈದು. ಉಳಿದ ಇಪ್ಪತ್ತೈದು ಜನರಿಗೆ ಭತ್ಯೆ ಬರುತ್ತಿತ್ತು; ಕಚೇರಿ ಹೇಳುವ ಇಪ್ಪತ್ತಾರನೆಯವನು ಮಾತ್ರ ಅವಳ ನಲವತ್ತೊಂದರಲ್ಲಿ ಎಲ್ಲೂ ಇಲ್ಲ. ಅಂದರೆ ಒಬ್ಬನನ್ನು ಬಿಟ್ಟೇಬಿಟ್ಟಿದ್ದಾಳೆ.

“ಏನ್ ಲೆಕ್ಕದಕ್ಕ, ನಮ್ಮನೆ ಮರೆತ್ರಾ? ನಿನ್ನೆ ಮೊನ್ನೆವರೆಗೂ ನಾನೂ ಮನುಷ್ಯನೇ ಆಗಿದ್ದೆ,” ಎಂದು ಪಕ್ಕದಲ್ಲಿ ಬಂದು ಕೂತವನು ಮೂರನೇ ಬೀದಿಯ ದರ್ಜಿ.

“ನಿಮಗೆ ಕೆಲಸ ಇದೆಯಲ್ಲಣ್ಣ. ಹಾಗೇ ಬರ್ಕೊಂಡಿದೀನಿ.”

“ಕೆಲಸಾನಾ?” ಅವನು ನಕ್ಕುಬಿಟ್ಟ. “ಕಾರ್ಖಾನೆ ಮುಚ್ಚಿ ನಾಲ್ಕು ತಿಂಗಳಾಯ್ತು. ಆ ವಾರ ಸ್ನೇಹಿತನ ಅಂಗಡೀಲಿ ಮೂರು ಗಂಟೆ ಕಾಲರ್ ಹೊಲಿದಿದ್ದೆ. ನೀವು ‘ಒಂದು ಗಂಟೆಯಾದರೂ’ ಅಂದ್ರಿ, ನಾನು ಹೂಂ ಅಂದೆ. ಆಮೇಲೆ ಇನ್ನೊಂದು ಪ್ರಶ್ನೆ ಕೇಳಲೇ ಇಲ್ಲ ನೀವು.”

ಲೆಕ್ಕದಕ್ಕ ಪೆನ್ನು ತೆಗೆದಳು. “ಮತ್ತೆ... ಭತ್ಯೆ?”

“ಬರುತ್ತೆ. ವಾರಕ್ಕೆ ಎಂಟು ಗಂಟೆ ಮೀರದಿದ್ರೆ ಅವರದೇನೂ ತಕರಾರಿಲ್ಲ. ಆ ಮೂರು ಗಂಟೆ ಅಲ್ಲೂ ಬರೆಸಿದೀನಪ್ಪ, ಹಾಗೆ ನೋಡಬೇಡಿ!”

ಅವಳಿಗೆ ಆ ದರ್ಜಿಯ ಎರಡೂ ಕೈ ಹಿಡಿದುಕೊಳ್ಳಬೇಕೆನಿಸಿತು. ಅವಳ ಹಾಳೆಯಲ್ಲಿ ದುಡಿಯುವವನು, ಅವರ ಹಾಳೆಯಲ್ಲಿ ಭತ್ಯೆಯವನು; ಇಪ್ಪತ್ತಾರನೆಯವನು ಇವನೇ. ಮೊದಲ ಪ್ರಶ್ನೆಗೆ ಹೂಂ ಅಂದವರು ದುಡಿಯುವವರೇ, ಉಳಿದೆರಡನ್ನು ಕೇಳಬೇಕಿಲ್ಲ; ಅವಳು ಯಾವ ಪ್ರಶ್ನೆಯನ್ನೂ ನುಂಗಿರಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಮೇಲೆ ಹೊಟ್ಟೆ ಹಸಿದಿರುವುದೂ ಗೊತ್ತಾಯಿತು.

ಗುರುವಾರ ಸಾಹೇಬರು ಅವಳ ಒಂದೂವರೆ ಪುಟದ ವಿವರಣೆಯನ್ನು ಓದಿದರು. ಅದರಲ್ಲಿ ಯಾರ ಹೆಸರೂ ಇರಲಿಲ್ಲ. ಪ್ರತಿ ಬಾಗಿಲಲ್ಲೂ ಅವಳು ಕೊಡುವ ಮಾತು ಅದು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಓದಿದರು.

“ಅಂದ್ರೆ ನೀವು ಎಣಿಸೋದು ಕೆಲಸ ಹುಡುಕೋರನ್ನ. ಅವರು ಎಣಿಸೋದು ನಿಯಮಕ್ಕೆ ಹೊಂದೋರನ್ನ.”

“ಹೌದು ಸರ್. ಎರಡೂ ಸರಿ. ಒಂದೇ ಆಗಿದ್ದಿದ್ರೇ ಅನುಮಾನ ಪಡಬೇಕಿತ್ತು.” ಇಷ್ಟು ಧೈರ್ಯ ಎಲ್ಲಿಂದ ಬಂತೋ ಎಂದು ಅವಳಿಗೇ ಗಾಬರಿಯಾಯಿತು.

ಸಾಹೇಬರು ಹಾಳೆಯ ಮೂಲೆಗೆ ಸಹಿ ಹಾಕಿದರು. “ಮುಂದಿನ ಸುತ್ತು ಸೋಮವಾರದಿಂದ. ಐದನೇ ಬೀದಿಯೂ ನಿಮ್ಮದೇ. ಮುಖ ಯಾಕೆ ಹಾಗೆ? ನಗಬಹುದು.”

ಆಗ ಅವಳು ನಿಜವಾಗಿಯೂ ನಕ್ಕಳು. “ಏನಿಲ್ಲ ಸರ್. ನೀವು ನನ್ನ ತೆಗೆದಿದ್ರೆ ನಮ್ಮ ಹಾಳೇಲಿ ನಲವತ್ತೆರಡಾಗ್ತಿತ್ತು. ಗೋದಾಮಿನ ದಿನಗೂಲಿ ಲೆಕ್ಕಕ್ಕಿಲ್ಲ, ಇಲ್ಲಿ ನಾನು ವರ್ಷ ತುಂಬಿಸಿಲ್ವಲ್ಲ, ಅವರದು ಇಪ್ಪತ್ತಾರೇ ಇರ್ತಿತ್ತು. ಆ ವ್ಯತ್ಯಾಸಕ್ಕೆ ಕಾರಣ ಬರೆಯೋಕೆ ಯಾರನ್ನ ಕಳಿಸ್ತಿದ್ರಿ ಅಂತ ಯೋಚಿಸ್ತಿದ್ದೆ.”