ಆವಲಪ್ಪ ತೊಳೆದ ಗಾಜು

ಟಿಕ್, ಟಿಕ್ ಎಂದು ಫ್ಲಾಸ್ಕಿನೊಳಗೆ ಕಲಕುವ ಕಡ್ಡಿ ಗಾಜಿಗೆ ಬಡಿಯುತ್ತಿತ್ತು. ಶಶಿಕಲಾ ಅದರ ವೇಗ ತಗ್ಗಿಸುತ್ತಿದ್ದಾಗಲೇ ಮೊಬೈಲು ಬೆಳಗಿತು. ರಾತ್ರಿ ಹನ್ನೊಂದೂವರೆ. 'ನಮ್ಮ ಆವಲಪ್ಪ ಹೋಗ್ಬಿಟ್ಟ. ಹಾರ್ಟ್ ಅಟ್ಯಾಕ್. ನಾಳೆ ಮಧ್ಯಾಹ್ನ ಊರಲ್ಲೇ ಮಣ್ಣು' ಎಂದು ಮ್ಯಾನೇಜರ್ ಮುನೀಂದ್ರ ಬರೆದಿದ್ದ. ಹನ್ನೆರಡು ವರ್ಷ ಅವಳ ಲ್ಯಾಬಿನ ಗಾಜೆಲ್ಲ ತೊಳೆದಿದ್ದ ಮನುಷ್ಯ. ಹೋಗದೇ ಇರಲು ಅವಳು ಒಂದು ಕಾರಣ ಹುಡುಕಿದಳು. ಸಿಗಲಿಲ್ಲ.

ಆನೇಕಲ್ ದಾಟಿದ ಮೇಲಿನ ಆ ಊರಿನಲ್ಲಿ ತಮಟೆ ಸದ್ದೇ ಮನೆ ತೋರಿಸಿತು. ಶಾಮಿಯಾನದ ಕೆಳಗೆ ಆವಲಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ವಿಭೂತಿ ಬೆವರಿಲ್ಲದೆ ಒಣಗಿತ್ತು. ಮುನೀಂದ್ರ ಕಂಪನಿಯ ಹಾರ ಹಾಕಿ ಕುರ್ಚಿಗೆ ಬಂದ.

"ಚಿನ್ನದಂಥ ಮನುಷ್ಯ ಕಣ್ರೀ," ಎಂದು ಪಕ್ಕದವರಿಗೂ ಕೇಳುವಂತೆ ಹೇಳಿದ. "ಅದೊಂದು ಮಿಸ್ಟೇಕ್ ಆಗಿಲ್ದೇ ಇದ್ದಿದ್ರೆ ನಮ್ಮಲ್ಲೇ ರಿಟೈರ್ ಆಗೋನು."

ಶಶಿಕಲಾ ಸೆರಗಿನ ಅಂಚು ನೋಡುತ್ತಾ ಕುಳಿತಳು.

"ಚಿನ್ನ ಅಂತೆ!" ಎಂದ ಮುದುಕ ಅಮರಪ್ಪ, ಸತ್ತವನ ಭಾವ. "ನನ್ ಮಗಳ ಮದ್ವೇಲಿ ಪಾಯ್ಸದ್ ಲೋಟ ಬೆಳಕಿಗೆ ಇಡ್ದು ನೋಡ್ದ ಕಣಯ್ಯ. ತೊಳ್ದಿಲ್ಲ ಅಂದ್ಬುಟ್ಟ. ಬೀಗ್ರು ಮುನಿಸ್ಕಂಡು ಎದ್ದೋದ್ರು!"

ನಾಲ್ಕಾರು ಮಂದಿ ನಕ್ಕರು. ಹೆಣದ ಪಕ್ಕ ಕೂತಿದ್ದ ಹೆಂಡತಿ ಸೊಣ್ಣಮ್ಮ ಮಾತ್ರ ನಗಲಿಲ್ಲ.

"ಮೊದ್ಲು ಅಂಗಿರ್ಲಿಲ್ಲ ನಮ್ಮೆಜಮಾನ," ಎಂದಳು. "ಆ ಕೆಲ್ಸ ಕಳ್ಕಂಡ್ ಮ್ಯಾಲೆ ಅಂಗಾದ. ನಾನ್ ತೊಳ್ದಿದ್ ಪಾತ್ರೇನ ಮತ್ತೆ ತಗಂಡೋಗಿ ತೊಳೆಯೋನು. ಒಂದು, ಎರಡು ಅಂತ ಬಾಯ್ಬುಟ್ಟು ಎಣ್ಸೋನು."

* * *

ಬೊಮ್ಮಸಂದ್ರದ ಲ್ಯಾಬಿನಲ್ಲಿ ಶಶಿಕಲಾ ವರ್ಷಗಟ್ಟಲೆ ಕಟ್ಟಿದ್ದು ಒಂದು ಅಣುವನ್ನು. ಪುಟ್ಟ ಬುಟ್ಟಿಯಂಥದ್ದು. ನೀರಿನಲ್ಲಿ ಬಿಟ್ಟರೆ ಅದು ಪೆಪ್ಟೈಡನ್ನು, ಅಂದರೆ ಪ್ರೋಟೀನಿನ ಚೂರನ್ನು, ಹುಡುಕಿ ಅದರ ಕಾರ್ಬಾಕ್ಸಿಲೇಟ್ ತುದಿಯನ್ನು ಹಿಡಿದುಕೊಳ್ಳಬೇಕು. ಮುಂದೊಂದು ದಿನ ರಕ್ತದಲ್ಲಿ ರೋಗದ ಗುರುತು ಹಿಡಿಯಲು ಅದು ಬೇಕಿತ್ತು.

"ಅದ್ರಲ್ಲೇನು ಕಷ್ಟ ಮೇಡಂ?" ಎಂದು ಆವಲಪ್ಪ ಒಮ್ಮೆ ಕೇಳಿದ್ದ.

"ನೀರೇ ಕಷ್ಟ, ಆವಲಪ್ಪ. ಅದು ಮೊದಲೇ ಎಲ್ಲರ ಕೈ ಹಿಡ್ಕೊಂಡು ನಿಂತಿರುತ್ತೆ."

"ಓ, ಆನೇಕಲ್ ಸಂತೇಲಿ ನಮ್ಮೋಳ್ ಕೈ ಹುಡುಕ್ದಂಗೆ ಅನ್ನಿ. ಬ್ಯಾರೇರ್ ಕೈ ಇಡ್ದೋ, ಒದೆ!"

ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ಆಮೇಲೆ, ಸೋಪಿಗೂ ಅಂಥದೇ ತುದಿಯಿದೆ, ಚೂರು ಉಳಿದರೂ ಬುಟ್ಟಿ ಅದನ್ನೇ ಹಿಡಿದುಬಿಡುತ್ತದೆ ಎಂದು ಎಚ್ಚರಿಸಿದ್ದಳು. ಅಂದಿನಿಂದ ಅವನು ಪ್ರತಿ ಗಾಜನ್ನೂ ಶುದ್ಧ ನೀರಿನಲ್ಲಿ ಏಳು ಸಲ ತೊಳೆಯುತ್ತಿದ್ದ.

ಹಣ ಹಾಕುವವರ ಎದುರು ಪ್ರಯೋಗ ತೋರಿಸಿದ ದಿನ ಬುಟ್ಟಿ ಪೆಪ್ಟೈಡನ್ನು ಹಿಡಿಯಲಿಲ್ಲ. ಮೂರು ಸಲ ಮಾಡಿದರೂ ಪರದೆಯ ಮೇಲಿನ ಗೆರೆ ಅಲುಗಲಿಲ್ಲ. ಕಾರಣ ಬರೆದುಕೊಡಿ ಎಂದರು. ಶಶಿಕಲಾ ಪದಗಳನ್ನು ತೂಗಿ ಬರೆದಳು: 'ಗಾಜಿನ ಪಾತ್ರೆಗಳಲ್ಲಿ ಸೋಪಿನ ಅಂಶ ಉಳಿದಿರುವ ಸಾಧ್ಯತೆಯಿದೆ.' ಯಾರ ಹೆಸರನ್ನೂ ಬರೆಯಲಿಲ್ಲ. ಗಾಜು ತೊಳೆಯುವವನು ಇದ್ದದ್ದು ಒಬ್ಬನೇ. ವಾರದೊಳಗೆ ಅವನನ್ನು ಪೀಣ್ಯದ ಗೋಡೌನಿಗೆ ಹಾಕಿದರು. ಮೂರು ಬಸ್ಸು ಬದಲಿಸಿ ಎರಡು ತಿಂಗಳು ಓಡಾಡಿದ, ಆಮೇಲೆ ಬಿಟ್ಟುಬಿಟ್ಟ.

ಅವನು ಬಿಟ್ಟ ಮೇಲೆ ಒಂದು ದಿನ ಅವಳು ತನ್ನ ನೋಟ್‌ಬುಕ್ ತಿರುವುತ್ತಿದ್ದಳು. ಪ್ರಯೋಗದ ದಿನ ದ್ರಾವಣಕ್ಕೆ ಹಾಕಿದ ಪುಡಿಯ ಬಾಟಲಿ ಸಂಖ್ಯೆಯನ್ನು ಅವಳೇ ಬರೆದಿದ್ದಳು. ಅದು ಹಾಕಬೇಕಿದ್ದ ಫಾಸ್ಫೇಟಿನದಲ್ಲ, ಪಕ್ಕದಲ್ಲಿದ್ದ ಅಸಿಟೇಟಿನದು. ಸೋಪಿನ ಹಾಗೆ ಅಸಿಟೇಟ್ ಕೂಡ ಕಾರ್ಬಾಕ್ಸಿಲೇಟೇ. ಪೆಪ್ಟೈಡು ಬರುವ ಮೊದಲೇ ಬುಟ್ಟಿಗಳನ್ನೆಲ್ಲ ಅವಳೇ ತುಂಬಿಸಿಟ್ಟಿದ್ದಳು. ಗಾಜು ಶುದ್ಧವಾಗಿಯೇ ಇತ್ತು.

ನಾಳೆ ಹೇಳೋಣ ಎಂದುಕೊಂಡಳು. ಎರಡು ವರ್ಷವಾಯಿತು. ಸರಿಯಾದ ಬಾಟಲಿಯಿಂದ ಮಾಡಿದ ಪ್ರಯೋಗ ಗೆದ್ದಿತು. ಅವಳಿಗೆ ಬಡ್ತಿಯೂ ಬಂತು. 'ಹೊಸಬರು ಚೆನ್ನಾಗಿ ತೊಳೀತಾರೆ' ಎಂದಿದ್ದ ಮುನೀಂದ್ರ.

* * *

ಗಂಡಸರು ಹೆಣ ಎತ್ತಿಕೊಂಡು ತೋಟದ ಕಡೆ ಹೋದರು. ಹೆಂಗಸರು ಅವನು ಕೂತಿದ್ದ ಜಾಗ ಸಾರಿಸಿ ದೀಪ ಹಚ್ಚಿದರು. ಮಗಳು ಲಾವಣ್ಯ ಶಶಿಕಲಾಳ ಪಕ್ಕ ಬಂದು ಕೂತಳು. ಆನೇಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ.

"ಮೇಡಂ, ಒಂದ್ ಮಾತು ಕೇಳ್ಲಾ? ಬೇಜಾರ್ ಮಾಡ್ಕೋಬೇಡಿ. ಅಪ್ಪ ತೊಳೆದಿದ್ರಲ್ಲಿ ನಿಜವಾಗ್ಲೂ ಸೋಪ್ ಉಳಿದಿತ್ತಾ?"

ಸೊಣ್ಣಮ್ಮನ ಕೈ ದೀಪದ ಬತ್ತಿಯ ಬಳಿ ನಿಂತಿತು.

"ಯಾಕೆ ಕೇಳ್ತೀಯಾ?"

"ಮೊನ್ನೆನೂ ಅಂದ್ರು. ಏಳ್ ಸಲ ತೊಳೀತಿದ್ದೆ ಕಣಮ್ಮ, ಎಲ್ಲೋ ಒಂದ್ ಸಲ ಆರೇ ಆಗಿರ್ಬೇಕು, ಮೇಡಂ ಮರ್ಯಾದೆ ಕಳ್ದೆ ಅಂತ. ಅಲ್ಲಪ್ಪ ಅನ್ನೋಕೆ ನಂಗೇನ್ ಗೊತ್ತು?"

ಶಶಿಕಲಾಳ ನಾಲಿಗೆಯ ಮೇಲೆ ಆ ವಾಕ್ಯ ಇಡಿಯಾಗಿ ಬಂದಿತ್ತು: ಗಾಜು ಶುದ್ಧವಾಗಿತ್ತು, ತಪ್ಪು ನನ್ನದು. ಅವಳು ಬಾಯಿ ತೆರೆದಳು.

"ಅಷ್ಟು ಸಣ್ಣ ವಿಷ್ಯದಲ್ಲಿ ಹೀಗೇ ಅಂತ ಹೇಳಕ್ಕಾಗಲ್ಲ, ಲಾವಣ್ಯ. ಏನೋ ಒಂದು ಆಗಿರುತ್ತೆ."

"ಹಾಗಾದ್ರೆ ಉಳಿದಿರ್ಬೋದು," ಎಂದಳು ಲಾವಣ್ಯ ಮೆಲ್ಲಗೆ, ಲೆಕ್ಕ ಮುಗಿಸಿದವಳಂತೆ.

"ಓಗ್ಲಿ ಬುಡು," ಎಂದಳು ಸೊಣ್ಣಮ್ಮ. "ಅಷ್ಟ್ ದೂರ್ದಿಂದ ಬಂದವ್ರೆ, ಅದೇ ದೊಡ್ದು. ದೀಪ ನೋಡ್ಕಂಡು ಓಗವ್ವ. ಬತ್ತೀನಿ ಅಂತ ಮಾತ್ರ ಅನ್ಬ್ಯಾಡ. ಸಾವಿನ್ ಮನೆ, ಏನೂ ಯೋಳ್ದೇನೇ ಎದ್ದೋಗ್ಬೇಕು."

ಶಶಿಕಲಾ ದೀಪದ ಮುಂದೆ ಕೈಮುಗಿದಳು. ಏನೂ ಹೇಳದೆ ಎದ್ದಳು. ಇಲ್ಲಿ ಮಾತ್ರವಲ್ಲ, ಮುನೀಂದ್ರನಿಗೂ, ಮನೆಯಲ್ಲಿ ಗಂಡನಿಗೂ, ಯಾರಿಗೂ ಇನ್ನು ಹೇಳುವುದಿಲ್ಲವೆಂದು ಅವಳಿಗೆ ಹೊಸ್ತಿಲು ದಾಟುವಾಗಲೇ ಗೊತ್ತಾಗಿತ್ತು.

ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದ ಮುದುಕಿಯೊಬ್ಬಳು ಅವಳನ್ನು ಕಂಡು, ನೋಯುವ ಮಂಡಿಯನ್ನು ಎರಡೂ ಕೈಯಿಂದ ಎತ್ತಿ ಮಡಚಿ ದಾರಿ ಬಿಟ್ಟಳು. ಮರ್ಯಾದೆಗೆಂದು ಸೆರಗನ್ನೂ ತಲೆಯ ಮೇಲೆ ಎಳೆದುಕೊಂಡಳು.