ಕಬ್ಬಾಳಿ ಬಗ್ಗಿದಾಗ ಕಂಡದ್ದು

ರೇಷ್ಮೆಗೂಡು ಬಿಡಿಸುವ ದಿನ ದೊಡ್ಡಲಕ್ಷ್ಮಮ್ಮನ ಜಗಲಿಯಲ್ಲಿ ಕೈಗಿಂತ ಬಾಯಿಗೇ ಹೆಚ್ಚು ಕೆಲಸ. ಕನಕಪುರದ ಕಡೆಯ ಆ ಹಳ್ಳಿಯಲ್ಲಿ ಒಬ್ಬರ ಮನೆಯ ಗೂಡು ಬಿಡಿಸಲು ನೆರೆಹೊರೆಯವರೆಲ್ಲ ಬರುತ್ತಾರೆ. ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಸುತ್ತ ಹೆಂಗಸರು ಕೂತಿದ್ದರು. ನಡುವೆ ಮೊಮ್ಮಗಳು ಕಬ್ಬಾಳಿ, ಒಂಬತ್ತನೇ ಕ್ಲಾಸಿನ ಹುಡುಗಿ, ಊರವರನ್ನೆಲ್ಲ ಅಣಕಿಸುತ್ತಿದ್ದಳು. ಹಾರೋಹಳ್ಳಿ ಬಸ್ಸಿನ ಕಂಡಕ್ಟರ್ ಆದಳು. ನೂಲು ತೆಗೆಯಲು ಗೂಡು ಕೊಳ್ಳಲು ಬಂದು ರೇಟಿಗೆ ಮೂಗು ಮುರಿಯುವ ರೀಲರ್ ಆದಳು.

"ಈಗ ನಮ್ಮಜ್ಜಿ!" ಎಂದವಳೇ ಸೊಂಟ ಬಗ್ಗಿಸಿ, ಕೈ ಇಳಿಬಿಟ್ಟು, "ಲೇ ಮೂದೇವಿ, ಹುಳ ಹಸ್ಕೊಂಡವೆ, ಸೊಪ್ಪಾಕೇ!" ಎಂದು ಗದರಿದಳು.

ಜಗಲಿಯೇ ನಕ್ಕಿತು. ಆಶಾ ಕಾರ್ಯಕರ್ತೆ ಮುನಿರತ್ನಮ್ಮನ ನಗು ಮಾತ್ರ ಅರ್ಧಕ್ಕೇ ನಿಂತಿತು.

"ಮಗಾ, ಹಂಗೇ ಇರವ್ವ ಒಸಿ. ಮೇಲೇಳ್‌ಬ್ಯಾಡ."

ಬಗ್ಗಿದ ಬೆನ್ನಿನ ಬಲಭಾಗ ಎಡಕ್ಕಿಂತ ಎತ್ತರಕ್ಕೆ ಉಬ್ಬಿತ್ತು.

"ಸೊಪ್ಪಿನ ಹೊರೆ ಹೊತ್ತೂ ಹೊತ್ತೂ ಹಂಗಾಗೈತೆ ಕಣಮ್ಮಿ. ಹೋಯ್ತದೆ ಬುಡು," ಎಂದು ದೊಡ್ಡಲಕ್ಷ್ಮಮ್ಮ ಮೊಮ್ಮಗಳನ್ನು ಒಳಗೆ ಅಟ್ಟಿದಳು.

ದೊಡ್ಡಲಕ್ಷ್ಮಮ್ಮನಿಗೆ ಆ ಉಬ್ಬು ಹೊಸದಲ್ಲ. ಉಗಾದಿಯ ದಿನ ಎಣ್ಣೆ ಹಚ್ಚುವಾಗಲೇ ಕೈಗೆ ಸಿಕ್ಕಿತ್ತು. ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗುವ ಸೊಸೆ, ಕಬ್ಬಾಳಿಯ ತಾಯಿ ಕಾವೇರಮ್ಮನಿಗೂ ಹೇಳದೆ ತನಗೆ ತಿಳಿದ ಮದ್ದು ಮಾಡಿದ್ದಳು. ಗಾಡಿ ಒಂದು ಕಡೆ ವಾಲಿದಾಗ ಮೂಟೆಯನ್ನು ಇನ್ನೊಂದು ಕಡೆಗೆ ಸರಿಸಿದರೆ ಸಮವಾಗುತ್ತದಲ್ಲ? ಕಬ್ಬಾಳಿ ಎಡಸೊಂಟದ ಮೇಲೆ ಹೊರುತ್ತಿದ್ದ ಹಿಪ್ಪುನೇರಳೆ ಸೊಪ್ಪನ್ನು ಬಲಸೊಂಟಕ್ಕೆ ಹೊರಿಸಿದಳು. ಈಗ ಆರು ತಿಂಗಳು ಕಳೆದು ಮಾರ್ನಾಮಿ ಹತ್ತಿರ ಬಂದಿತ್ತು. ಹೊರೆ ಕಡೆ ಬದಲಿಸಿತ್ತು. ಬೆನ್ನು ಇನ್ನಷ್ಟು ಬಾಗಿತ್ತು.

ಸಂಜೆ ಕಾವೇರಮ್ಮ ಬಸ್ಸಿಳಿದು ಬರುವ ಹೊತ್ತಿಗೆ ಮುನಿರತ್ನಮ್ಮ ಮತ್ತೆ ಬಂದಳು. ಬೆನ್ನುಮೂಳೆ ಪಕ್ಕಕ್ಕೆ ಬಾಗಿರುವ ಹಾಗೆ ಕಾಣುತ್ತದೆ, ರಾಮನಗರದ ಆಸ್ಪತ್ರೆಯಲ್ಲಿ ತೋರಿಸೋಣ, ಅದಕ್ಕೆಂದೇ ಬೇರೆ ವ್ಯಾಯಾಮ ಇದೆ ಎಂದಳು.

"ಸೊಪ್ಪು ಕುಯ್ದು ನೀರು ಹೊರೋ ಮಗೀಗೆ ಯಾತರ ವ್ಯಾಯಾಮ?" ಎಂದು ಅಜ್ಜಿ ಸಿಡಿದಳು. "ಆಸ್ಪತ್ರೆಗೋದ್ರೆ ಊರಿಗೆಲ್ಲ ತಮಟೆ ಹೊಡ್ದಂಗೆ. ನಾಳೆ ಯಾವನು ಕೈ ಹಿಡ್ದಾನು?"

"ದೊಡ್ಡವ್ವ, ಮುಚ್ಚಿಟ್ರೆ ಡೊಂಕು ನಿಲ್ಲಾಕಿಲ್ಲ. ಮಗ ಬೆಳೆದಂಗೆ ಅದೂ ಬೆಳೀಬೋದು. ನಾನು ಡಾಕ್ಟ್ರಲ್ಲ. ನೋಡೋರು ನೋಡ್ಲಿ."

ಬಾಗಿಲ ಸಂದಿಯಿಂದ ಕಬ್ಬಾಳಿಯ ದನಿ ಬಂತು. ಈ ಸಲ ಅದು ಯಾರ ಅಣಕವೂ ಆಗಿರಲಿಲ್ಲ.

"ನಂಗೂ ಗೊತ್ತಿತ್ತು ಅಜ್ಜಿ. ಯೂನಿಫಾರಂ ಒಂದ್ಕಡೆ ಎಳೀತದೆ. ಅದ್ಕೇ ಎಲ್ರನ್ನೂ ನಗಿಸ್ತಿದ್ದೆ. ನಗೋರು ಬೆನ್ನು ನೋಡಾಕಿಲ್ವಲ್ಲ."

ದೊಡ್ಡಲಕ್ಷ್ಮಮ್ಮ ಸೊಸೆಯ ಕಡೆ ತಿರುಗಿ, "ಬೆಳಗಿನ ಬಸ್ಸಿಗೇ ಹೋಗಾನ. ನಾನೂ ಬತ್ತೀನಿ," ಎಂದಳು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಈಗ ಆಪರೇಷನ್ ಬೇಡ. ಬಟ್ಟೆಯೊಳಗೆ ತೊಡುವ ಗಟ್ಟಿ ಕವಚ, ಜೊತೆಗೆ ದಿನವೂ ವ್ಯಾಯಾಮ ಎಂದರು ಡಾಕ್ಟರು. ವ್ಯಾಯಾಮ ಕಲಿಸಿದವರು ಫಿಸಿಯೋಥೆರಪಿಸ್ಟ್ ಅಮೀರ್. ಕನ್ನಡಿಯ ಮುಂದೆ ನಿಲ್ಲಿಸಿ, ಬೆನ್ನನ್ನು ಉದ್ದಕ್ಕೆ ಚಾಚಿಸಿ, ತಗ್ಗಿದ ಕಡೆಗೆ ಉಸಿರು ತುಂಬುವುದನ್ನು ತೋರಿಸಿದರು.

"ನಾನು ಹೊರ್ಸಿದ್ಕೇ ಹಿಂಗಾಯ್ತಾ ಮಗಾ?" ಎಂದು ಅಜ್ಜಿ ಅಮೀರರನ್ನು ಕೇಳಿದಳು.

"ಇಲ್ಲ ಅಜ್ಜಿ. ಹೊರೆಯಿಂದ ಬಂದದ್ದಲ್ಲ, ಹೊರೆ ಬದಲಿಸಿದರೆ ಹೋಗೋದೂ ಅಲ್ಲ. ಎಷ್ಟೋ ಮಕ್ಕಳಲ್ಲಿ ಯಾಕೆ ಬರುತ್ತೆ ಅಂತ್ಲೇ ಗೊತ್ತಾಗಲ್ಲ. ಆದರೆ ಮೈ ಬೆಳೆಯೋ ಹೊತ್ತಲ್ಲೇ ಹಿಡಿದು ನಿಲ್ಲಿಸಬೇಕು. ಒಸಿ ಮುಂಚೆ ಬಂದಿದ್ದರೆ ಚೆನ್ನಾಗಿತ್ತು."

ಊರಿಗೆ ಮರಳುವ ಬಸ್ಸಿನಲ್ಲಿ ದೊಡ್ಡಲಕ್ಷ್ಮಮ್ಮನಿಗೆ ಹುಳದ ನೆನಪಾಯಿತು. ನೂಲು ಬಿಡಲು ಸಿದ್ಧವಾಗಿ ಹಣ್ಣಾದ ಹುಳವನ್ನು ಹೊತ್ತಿಗೆ ಸರಿಯಾಗಿ ಚಂದ್ರಿಕೆಗೆ ಬಿಡದಿದ್ದರೆ ಅದು ತಟ್ಟೆಯಲ್ಲೇ ನೂಲು ಚೆಲ್ಲಿಬಿಡುತ್ತದೆ. ಹುಳದ ಹೊತ್ತು ತಪ್ಪಿಸದ ತಾನು ಮೊಮ್ಮಗಳ ಹೊತ್ತು ತಪ್ಪಿಸಿಬಿಟ್ಟೆನಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅಂದಿನಿಂದ ಹುಳಕ್ಕೆ ಸೊಪ್ಪು ಹಾಕಿದ ಮೇಲೆ ಕಬ್ಬಾಳಿಯ ವ್ಯಾಯಾಮ. ಕವಚ ಸೆಕೆಗೆ ಕಚ್ಚುತ್ತಿತ್ತು. ಬೇಡವೆಂದು ಅತ್ತದ್ದೂ ಉಂಟು. ಆಗ ಅಜ್ಜಿ ತಗ್ಗಿದ ಪಕ್ಕೆಯ ಮೇಲೆ ಅಂಗೈ ಇಟ್ಟು, "ಎಲ್ಲಿ, ಉಸಿರಲ್ಲೇ ನನ್ ಕೈ ತಳ್ಳು ನೋಡಾನ," ಎನ್ನುತ್ತಿದ್ದಳು. ಕಬ್ಬಾಳಿ ಅಮೀರರ ದನಿಯಲ್ಲೇ "ನಿಧಾನ ಅಜ್ಜಿ, ನಿಧಾನ" ಎನ್ನುತ್ತ ತಳ್ಳುತ್ತಿದ್ದಳು.

ಮುಂದಿನ ಎಕ್ಸ್‌ರೇಯಲ್ಲಿ ಡೊಂಕು ಹೋಗಿರಲಿಲ್ಲ. ಆದರೆ ಹೆಚ್ಚಿರಲೂ ಇಲ್ಲ. "ಇದೇ ನಮಗೆ ಬೇಕಾದ್ದು. ಬೆಳವಣಿಗೆ ನಿಲ್ಲೋವರೆಗೂ ಬಿಡಬೇಡ," ಎಂದರು ಅಮೀರ್.

ಆಮೇಲೊಂದು ದಿನ ನೆರೆಯ ಮಾರಕ್ಕನ ಮನೆಯಲ್ಲಿ ಗೂಡು ಬಿಡಿಸುವಾಗ ಹೆಂಗಸರು, "ಅಜ್ಜಿ ಆಟ ಆಡೇ ಕಬ್ಬಾಳಿ," ಎಂದು ಪೀಡಿಸಿದರು. ಎದ್ದು ನಿಂತದ್ದು ಕಬ್ಬಾಳಿಯಲ್ಲ, ದೊಡ್ಡಲಕ್ಷ್ಮಮ್ಮ.

"ಮೊದ್ಲು ನಿಮ್ಮನೆ ಮಕ್ಕಳ್ನ ಬಗ್ಸಿ ಬೆನ್ನು ನೋಡ್ರವ್ವ. ನಾನು ಕಂಡೂ ಮುಚ್ಚಿಟ್ಟೆ. ನೀವು ಮುಚ್ಚಿಡ್‌ಬ್ಯಾಡಿ."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಬೆಳೆಯುವ ಮಗನನ್ನೋ ಮಗಳನ್ನೋ ಕಾಲು ಜೋಡಿಸಿ ನಿಲ್ಲಿಸಿ, ಮುಂದಕ್ಕೆ ಬಗ್ಗಿಸಿ, ಹಿಂದಿನಿಂದ ನೋಡಿ. ಬೆನ್ನಿನ ಒಂದು ಕಡೆ ಉಬ್ಬಿದೆಯೇ? ನಿಂತಾಗ ಒಂದು ಭುಜ ಮೇಲಿದೆಯೇ, ಸೊಂಟ ಒಂದು ಕಡೆಗೆ ಸರಿದಿದೆಯೇ? ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬೆನ್ನು ತಿಕ್ಕಿಸಬೇಡಿ, ಎಳೆಸಬೇಡಿ. ಒಂದು ಮಗುವಿನ ವ್ಯಾಯಾಮ ಇನ್ನೊಂದಕ್ಕೆ ಆಗಿಬರುವುದಿಲ್ಲ, ಬಲ್ಲವರಿಂದಲೇ ಕಲಿಸಿ. ಮನೆಯಲ್ಲಿ ಅದನ್ನು ಮಾಡುವಾಗ ಮಗುವನ್ನು ಒಂಟಿ ಬಿಡಬೇಡಿ. ತಗ್ಗಿದ ಪಕ್ಕೆಯ ಮೇಲೆ ನಿಮ್ಮದೊಂದು ಕೈ ಇರಲಿ.